ನೋವು ಹೊತ್ತು ವಿಮಾನ ಹತ್ತುವ ಮುನ್ನ

ಪ್ರಶ್ನೆ: ನನಗೆ 34 ವರ್ಷ. ಎಂಟು ವರ್ಷಗಳಿಂದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆ. ಬೆಳಿಗ್ಗೆ ಎದ್ದರೆ ಒಂದು ತಾಸು ಸೊಂಟ ಬಗ್ಗುವುದಿಲ್ಲ. ಮಾತ್ರೆ ತಗೊಂಡ ಮೇಲೇ ಸ್ನಾನ. ಆಸ್ಟ್ರಿಯಾದ ಗಾಸ್ಟೈನ್‌ನಲ್ಲಿ ರೇಡಾನ್ ಸುರಂಗವಿದೆ, ಆಪರೇಷನ್ ಇಲ್ಲದೆ ನೋವು ಇಳಿಯುತ್ತದೆ, ಮೂರು ವಾರ ಇದ್ದು ಹೋಗು ಅಂತ ಮ್ಯೂನಿಕ್‌ನಲ್ಲಿರುವ ನಮ್ಮಕ್ಕ ಕರೆಯುತ್ತಿದ್ದಾಳೆ. ಹೋಗಬಹುದೇ? ಮಾತ್ರೆ ನಿಲ್ಲಿಸಬಹುದೇ?
– ಆರ್.ಎಂ., ಹುಬ್ಬಳ್ಳಿ

ಉತ್ತರ: ಮೊದಲು ಎರಡನೆಯ ಪ್ರಶ್ನೆಗೆ ಉತ್ತರ: ಮಾತ್ರೆ ನಿಲ್ಲಿಸಬೇಡಿ. ನಿಮ್ಮದು ಬರೀ ನೋವಲ್ಲ, ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತವಿದೆ. ಅದನ್ನು ಹಾಗೇ ಬಿಟ್ಟರೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು.

ಅಕ್ಕ ಹೇಳಿದ ಜಾಗಕ್ಕೆ ಹೆಸರಿದೆ, ಇತಿಹಾಸವೂ ಇದೆ. ಬಾಡ್ ಗಾಸ್ಟೈನ್ ಊರಿನ ಪಕ್ಕದ ಗುಡ್ಡದಲ್ಲಿ 1940ರ ದಶಕದಲ್ಲಿ ಚಿನ್ನ ಹುಡುಕಿ ಸುರಂಗ ಕೊರೆದರು. ಒಳಗೆ ಸಿಕ್ಕಿದ್ದು ಬಿಸಿ, ತೇವ ಮತ್ತು ರೇಡಾನ್ ಅನಿಲ. ಅಲ್ಲಿ ದುಡಿದವರ ಕೀಲುನೋವು ಕಡಿಮೆಯಾಯಿತು ಎಂಬ ಮಾತು ಹಬ್ಬಿ, ಮುಂದಿನ ದಶಕದಲ್ಲಿ ಅದು ಚಿಕಿತ್ಸಾ ಕೇಂದ್ರವಾಯಿತು. ಪುಟ್ಟ ರೈಲಿನಲ್ಲಿ ಗುಡ್ಡದ ಹೊಟ್ಟೆಗೆ ಕರೆದೊಯ್ದು, 37ರಿಂದ 41.5 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸಾಲು ಮಂಚಗಳ ಮೇಲೆ ಒಂದು ಗಂಟೆಯಷ್ಟು ಮಲಗಿಸುತ್ತಾರೆ. ಮೈಯೆಲ್ಲ ಬೆವರು ಕಿತ್ತುಕೊಂಡು ಬರುತ್ತದೆ.

ಉಪಯೋಗವಿದೆಯೇ? ನೆದರ್ಲೆಂಡ್ಸ್‌ನ ವೈದ್ಯರು ನಿಮ್ಮದೇ ಕಾಯಿಲೆಯ 120 ಮಂದಿಯ ಮೇಲೆ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. 40 ಮಂದಿ ಗಾಸ್ಟೈನ್‌ಗೆ ಹೋದರು. 40 ಮಂದಿ ನೆದರ್ಲೆಂಡ್ಸ್‌ನದೇ ಆರ್ಸೆನ್ ಎಂಬ ಊರಿನ ಸ್ಪಾಗೆ ಹೋದರು, ಅಲ್ಲಿ ಸುರಂಗದ ಬದಲು ಸೌನಾ. ಉಳಿದವರು ಮನೆಯಲ್ಲೇ ಇದ್ದು ಎಂದಿನ ಔಷಧಿಯ ಜೊತೆ ವಾರಕ್ಕೊಮ್ಮೆ ವ್ಯಾಯಾಮ ಮಾಡಿದರು. ಮೂರು ವಾರ ಊರು ಬಿಟ್ಟು ಹೋದ ಎರಡೂ ಗುಂಪಿನವರಿಗೆ ಮನೆಯಲ್ಲಿದ್ದವರಿಗಿಂತ ಹೆಚ್ಚು ಆರಾಮ ಸಿಕ್ಕಿತು. ಗಾಸ್ಟೈನ್‌ಗೆ ಹೋದವರಲ್ಲಿ ಆ ಆರಾಮ ಇನ್ನೂ ಸ್ವಲ್ಪ ಹೆಚ್ಚು ಕಾಲ ಉಳಿಯಿತು.

ಇಲ್ಲಿ ಎರಡು ಸಂಗತಿ ಗಮನಿಸಿ. ಆರ್ಸೆನ್‌ನಲ್ಲಿ ರೇಡಾನ್ ಸುರಂಗ ಇರಲಿಲ್ಲ, ಆದರೂ ಅಲ್ಲಿಯವರು ಸುಧಾರಿಸಿದರು. ಎರಡೂ ಕಡೆ ಗುಂಪು ವ್ಯಾಯಾಮ, ನಡಿಗೆ, ನೀರಿನಲ್ಲಿ ಕಸರತ್ತು, ಬೆನ್ನು ನೇರ ಮಾಡಿ ಮಲಗುವ ಅಭ್ಯಾಸ ಇದ್ದವು. ಮೂರು ವಾರ ಮುಗಿಸಿ ಬಂದವರನ್ನು ಅಷ್ಟಕ್ಕೇ ಬಿಡಲೂ ಇಲ್ಲ. ಮುಂದೆ 37 ವಾರ, ವಾರಕ್ಕೊಮ್ಮೆ, ಫಿಸಿಯೋಥೆರಪಿ ಗುಂಪಿನಲ್ಲಿ ವ್ಯಾಯಾಮ ಮಾಡಿಸಿದರು. ಪ್ರವಾಸದ ಜಾಹೀರಾತುಗಳಲ್ಲಿ ಈ 37 ವಾರಗಳ ಸುದ್ದಿಯೇ ಇರುವುದಿಲ್ಲ. ನನ್ನ ದೃಷ್ಟಿಯಲ್ಲಿ ನಿಮ್ಮ ಬೆನ್ನಿನ ಭವಿಷ್ಯ ಇರುವುದು ಅಲ್ಲೇ. ಹುಬ್ಬಳ್ಳಿಗೆ ವಾಪಸಾದ ಮೇಲೆ ಯಾರ ಹತ್ತಿರ, ಯಾವ ದಿನ ವ್ಯಾಯಾಮ ಅಂತ ಈಗಲೇ ಗೊತ್ತುಮಾಡಿಕೊಳ್ಳಿ. ಅದು ನಿಗದಿಯಾಗದೆ ಹೋದರೆ ದುಡ್ಡು ದಂಡ.

ಹೋಗುವುದಾದರೆ ಹೋಗುವ ಮುಂಚೆ ಒಂದು ಅಳತೆ ಮಾಡಿಸಿಕೊಳ್ಳಿ. ನೆಟ್ಟಗೆ ನಿಂತು, ಸೊಂಟದ ಹಿಂದಿನ ಎರಡು ಗುಳಿಗಳ ನಡುವೆ ಪೆನ್ನಿನಿಂದ ಒಂದು ಗೆರೆ, ಅದರಿಂದ 10 ಸೆಂ.ಮೀ. ಮೇಲೆ ಇನ್ನೊಂದು ಗೆರೆ ಎಳೆಸಿ. ಮೊಣಕಾಲು ಮಡಿಸದೆ ಮುಂದಕ್ಕೆ ಬಾಗಿ. ಆರೋಗ್ಯವಂತರಲ್ಲಿ ಗೆರೆಗಳ ನಡುವಿನ ಅಂತರ 15 ಸೆಂ.ಮೀ. ಆಸುಪಾಸಿಗೆ ಹಿಗ್ಗುತ್ತದೆ. ನಿಮ್ಮದು ಎಷ್ಟಾಯಿತು, ಬೆಳಗಿನ ಬಿಗಿತ ಎಷ್ಟು ನಿಮಿಷ ಇರುತ್ತದೆ, ಎರಡನ್ನೂ ಬರೆದಿಡಿ. ಬಂದ ಮೇಲೆ, ಮತ್ತೆ ಮೂರು ತಿಂಗಳಾದ ಮೇಲೆ, ಅಳೆಯಿರಿ. ಹೋಗಿ ಬಂದ ಖುಷಿ ಎಷ್ಟು, ಗುಣ ಎಷ್ಟು ಎಂಬುದು ಆಗ ಬೇರೆಬೇರೆಯಾಗಿ ಕಾಣುತ್ತದೆ.

ಸಿಗರೇಟು ಸೇದುತ್ತೀರಾದರೆ ಸುರಂಗದ ಮಾತೇ ಬೇಡ. ಶ್ವಾಸಕೋಶದ ಕ್ಯಾನ್ಸರ್‌ಗೆ ತಂಬಾಕು ಬಿಟ್ಟರೆ ಮುಖ್ಯ ಕಾರಣ ರೇಡಾನ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡೂ ಕೂಡಿದರೆ ಅಪಾಯ ಬಹಳ ಏರುತ್ತದೆ. ಗರ್ಭಿಣಿಯರಿಗೆ, ಹೃದಯ ದುರ್ಬಲವಿರುವವರಿಗೆ ಕೂಡ ಆ ಸುರಂಗ ಸಲ್ಲದು. ಖರ್ಚಿನ ವಿಷಯ: ಷೆಂಗೆನ್ ವೀಸಾಗೆ ಮಾಡಿಸುವ 30,000 ಯೂರೋ ವಿಮೆ ಇರುವುದು ತುರ್ತು ಚಿಕಿತ್ಸೆಗೆ. ಇಂಥ ಚಿಕಿತ್ಸೆಗೆ ಅದರಿಂದ ಹಣ ಬರುವುದಿಲ್ಲ.

ಇನ್ನೊಂದು ಮಾತು. ಎಂಟು ವರ್ಷದ ನಂತರವೂ ದಿನಾ ಒಂದು ತಾಸು ಬಿಗಿತ ಇದೆಯೆಂದರೆ ನಿಮ್ಮ ಈಗಿನ ಔಷಧಿ ಸಾಲುತ್ತಿಲ್ಲ. ಉರಿಯೂತ ತಗ್ಗಿಸುವ ಅಡಾಲಿಮುಮಾಬ್ ಇಂಜೆಕ್ಷನ್ನಿನ ದೇಶೀಯ ಬಯೋಸಿಮಿಲರ್ (ಮೂಲ ಔಷಧಿಯನ್ನೇ ಹೋಲುವ ಆವೃತ್ತಿ) 2014ರ ಕೊನೆಯಿಂದ ನಮ್ಮಲ್ಲೇ ಸಿಗುತ್ತಿದೆ. ಅದು ನಿಮಗೆ ಹೊಂದುತ್ತದೆಯೇ ಎಂದು ರುಮಟಾಲಜಿ ತಜ್ಞರನ್ನು ಕೇಳಿ. ಶುರು ಮಾಡುವ ಮುಂಚೆ ಕ್ಷಯದ ಪರೀಕ್ಷೆ ಆಗಲೇಬೇಕು. ಆಸ್ಟ್ರಿಯಾದ ಟಿಕೆಟ್‌ಗಿಂತ ಮೊದಲು ಆಗಬೇಕಾದ ಕೆಲಸ ಇದು.

ಪ್ರಶ್ನೆ: ಅಮ್ಮನಿಗೆ 63. ಮಂಡಿ, ಸೊಂಟ ಎರಡೂ ನೋವು. ಆಪರೇಷನ್ ಬೇಡ ಎಂದು ಹಟ ಹಿಡಿದಿದ್ದಾರೆ. ವಿದೇಶದ ಒಂದು ಕ್ಲಿನಿಕ್ಕಿನವರು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಸವೆದ ಮಂಡಿ ಮತ್ತೆ ಬೆಳೆಯುತ್ತದೆ ಎನ್ನುತ್ತಾರೆ. ಸೈಟು ಮಾರಿ ಕರೆದುಕೊಂಡು ಹೋಗೋಣ ಎಂದಿದ್ದೇವೆ.
– ಎಸ್., ದಾವಣಗೆರೆ

ಉತ್ತರ: ದಯವಿಟ್ಟು ಸೈಟು ಮಾರಬೇಡಿ. ಮಂಡಿ ಸವೆತಕ್ಕಾಗಲಿ, ಬೆನ್ನುನೋವಿಗಾಗಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಯಾವ ಸ್ಟೆಮ್ ಸೆಲ್ ಉತ್ಪನ್ನವನ್ನೂ ಒಪ್ಪಿಲ್ಲ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಇಂಥ ಕಾಯಿಲೆಗಳಿಗೆ ಪ್ರಯೋಗದ ಚೌಕಟ್ಟಿನ ಹೊರಗೆ ಅದನ್ನು ಕೊಡುವುದನ್ನು ಒಪ್ಪುವುದಿಲ್ಲ. ಪ್ರಯೋಗದಲ್ಲಿ ಸೇರುವ ರೋಗಿಯಿಂದ ಯಾರೂ ಲಕ್ಷಗಟ್ಟಲೆ ಕೇಳುವುದಿಲ್ಲ. ಹೊಕ್ಕುಳಬಳ್ಳಿಯ ರಕ್ತದಿಂದ ತಯಾರಿಸಿದ ಇಂಥ ಇಂಜೆಕ್ಷನ್ ತಗೊಂಡ 12 ಮಂದಿ ಸೋಂಕಾಗಿ ಆಸ್ಪತ್ರೆ ಸೇರಿದ ಪ್ರಕರಣ ಅಮೆರಿಕದಲ್ಲೇ 2018ರಲ್ಲಿ ವರದಿಯಾಯಿತು. ಸೋಂಕು ವಿಮಾನ ಇಳಿದ ಮೇಲೆ ಕಾಣಿಸಿಕೊಂಡರೆ ನೋಡಿಕೊಳ್ಳುವವರು ಯಾರು? ಆ ಕ್ಲಿನಿಕ್ಕಿನವರನ್ನೇ ಕೇಳಿ.

ಅಮ್ಮನ ಹಟವನ್ನು ಗೌರವಿಸೋಣ. ಮಂಡಿನೋವಿನ ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಾಲು ನೀಟಾಗಿ ಮುಂದಕ್ಕೆ ಚಾಚಿ ಐದು ಎಣಿಸುವವರೆಗೆ ಹಿಡಿದು, ಮೆಲ್ಲಗೆ ಇಳಿಸಲು ಹೇಳಿ. ಹತ್ತು ಸಲ ಆ ಕಾಲು, ಹತ್ತು ಸಲ ಈ ಕಾಲು, ದಿನಕ್ಕೆ ಎರಡು ಹೊತ್ತು. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಭಾರ ಇಳಿಯುತ್ತದೆ. ತೂಕ ಹೆಚ್ಚಿದ್ದರೆ ಇಳಿಸಲಿ. ಮೂರು ತಿಂಗಳು ಫಿಸಿಯೋಥೆರಪಿಸ್ಟರ ಕೈಕೆಳಗೆ ಬಿಡದೆ ಮಾಡಿಸಿ, ಆಮೇಲೆ ಮತ್ತೆ ಬರೆಯಿರಿ.

ಪ್ರಶ್ನೆ: ದುಬೈನಲ್ಲಿರುವ ಮಗ ಅಲ್ಲಿಯ ಪೇನ್ ಕ್ಲಿನಿಕ್ಕಿಗೆ ತೋರಿಸುತ್ತೇನೆ ಬಾ ಎನ್ನುತ್ತಾನೆ. ನರದ ನೋವಿಗೆ ಟ್ರಮಡಾಲ್, ಪ್ರಿಗಬಾಲಿನ್ ತಗೊಳ್ಳುತ್ತಿದ್ದೇನೆ. ಎರಡು ತಿಂಗಳಿಗಾಗುವಷ್ಟು ಮಾತ್ರೆ ಬ್ಯಾಗಿನಲ್ಲಿ ಹಾಕಿಕೊಳ್ಳಲೇ?
– ಓದುಗರು, ಮಂಗಳೂರು

ಉತ್ತರ: ಹಾಗೇ ಹಾಕಿಕೊಂಡು ಹೋಗಬೇಡಿ, ಜೈಲಿಗೆ ಹೋಗುವಂಥ ವಿಷಯ. ಟ್ರಮಡಾಲ್ 2018ರಿಂದ ನಮ್ಮಲ್ಲೂ ಮಾದಕವಸ್ತು ಕಾಯ್ದೆಯ ಅಡಿಯಲ್ಲಿದೆ. ಯುಎಇಯಲ್ಲಿ ನೀವು ಹೇಳಿದ ಎರಡೂ ನಿಯಂತ್ರಿತ ಔಷಧಿಗಳು. ಅಲ್ಲಿಯ ಸರ್ಕಾರದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ಎಷ್ಟು ದಿನದ ಮಾತ್ರೆ ಒಯ್ಯಬಹುದು ಎಂಬುದೂ ಅದರಲ್ಲೇ ತೀರ್ಮಾನವಾಗುತ್ತದೆ. ಇತ್ತೀಚಿನ ಚೀಟಿ, ಔಷಧಿಯ ಮೂಲ ಹೆಸರು ಇರುವ ವೈದ್ಯರ ಪತ್ರ, ಅಂಗಡಿಯ ಬಿಲ್ಲು, ಕತ್ತರಿಸದ ಮಾತ್ರೆ ಪಟ್ಟಿಗಳು ಜೊತೆಗಿರಲಿ. ರಗಳೆಯೇ ಬೇಡವೆಂದು ಎರಡನ್ನೂ ತಟ್ಟನೆ ಬಿಡುವುದೂ ಅಪಾಯ. ನಿದ್ದೆ ಕೆಡುತ್ತದೆ, ಬೆವರು, ನಡುಕ ಬರುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬಂದದ್ದಿದೆ. ಕಡಿಮೆ ಮಾಡಬೇಕೆಂದಿದ್ದರೆ ಹೊರಡುವ ಎಷ್ಟೋ ವಾರ ಮುಂಚೆ ನಿಮ್ಮ ವೈದ್ಯರ ಬಳಿ ಹೋಗಿ. ಅನುಮತಿ ಕೈಗೆ ಬರುವವರೆಗೆ ಮಗನಿಗೆ ಟಿಕೆಟ್ ಮಾಡಿಸಬೇಡ ಎನ್ನಿ.