ಹೊಸಾ ಡಬ್ಬಿ ಬಂತು, ನೆಟ್ ಯಾಕ ಬರವಲ್ದು?

ಇಳಕಲ್ಲಿನ ಒಂದು ನೇಕಾರರ ಮನೆ ಅಂತ ಇಟ್ಟುಕೊಳ್ಳೋಣ. ಮನೆಯಾಕೆ ಸೀರೆ ನೇಯ್ದು ಮುಗಿಸಿದ್ದಾಳೆ. ಅದರ ಚಿತ್ರ ಫೋನಿನಲ್ಲಿ ಕಳಿಸಬೇಕು. ಚಿತ್ರ ನೋಡಿ ದೂರದ ಊರಿನ ಗಿರಾಕಿ ಹಣ ಹಾಕುತ್ತಾರೆ. ಚಿತ್ರ ಹೋಗದಿದ್ದರೆ ಗಿರಾಕಿ ಬೇರೆ ಮನೆ ನೋಡುತ್ತಾರೆ.

ಹಳೆಯ ರೂಟರ್ ಸಿಡಿಲಿಗೆ ಸುಟ್ಟಿತ್ತು. ಹೊಸದು ತಂದು ಜೋಡಿಸಿದರು. ದೀಪ ಹತ್ತಿತು.

“ಯವ್ವಾ, ವೈಫೈ ಹೆಸರು ಬರಾಕತ್ತೈತಿ. ನೆಟ್ ಬರವಲ್ದು” ಅಂದಳು ಮಗಳು.

“ಹೊಸಾ ಡಬ್ಬೀನೂ ಕೆಟ್ಟೈತೇನ?”

ಕೆಟ್ಟಿರಲಿಕ್ಕಿಲ್ಲ. ಡಬ್ಬಿ ವಾಪಸ್ ಕೊಡುವ ಮೊದಲು ಸ್ವಲ್ಪ ನೋಡೋಣ ಬರ್ರಿ.

ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಕೊಂಡಿ ತಪ್ಪಿದರೆ ಸೆರಗು ಕೂಡುವುದಿಲ್ಲ. ನೆಟ್ ಕೂಡ ಹಾಗೆಯೇ. ಬೀದಿಯಿಂದ ನಮ್ಮ ಫೋನಿನ ತನಕ ನಾಲ್ಕು ಕೊಂಡಿ ಇವೆ. ಯಾವುದು ತಪ್ಪಿದೆ ಅಂತ ಹೊರಗಿನಿಂದ ಒಳಗೆ ನೋಡುತ್ತಾ ಬರಬೇಕು. ಹುನಗುಂದದ ಹಳ್ಳಿ ಇರಲಿ, ಬಾಗಲಕೋಟೆಯ ನವನಗರ ಇರಲಿ, ನೋಡುವ ರೀತಿ ಒಂದೇ.

ಮೊದಲನೆಯದು ಬೀದಿಯಿಂದ ಬರುವ ತಂತಿ. ಈಗ ಬಹಳ ಕಡೆ ಇದು ಗಾಜಿನ ಎಳೆ. ಕೂದಲಿನಷ್ಟು ಸಣ್ಣದು. ಇದರೊಳಗೆ ಕರೆಂಟ್ ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಗ್ರಾಮ ಪಂಚಾಯಿತಿಗಳ ತನಕ ಇಂಥ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೇ ಈಗ ಭಾರತ್‌ನೆಟ್ ಅನ್ನುತ್ತಾರೆ.

ಈ ತಂತಿ ಮನೆಯಲ್ಲಿ ಒಂದು ಡಬ್ಬಿಗೆ ಸೇರುತ್ತದೆ. ಕೆಲವರ ಮನೆಯಲ್ಲಿ ಅದೇ ರೂಟರ್. ಕೆಲವರ ಮನೆಯಲ್ಲಿ ತಂತಿಯ ಡಬ್ಬಿ ಬೇರೆ, ರೂಟರ್ ಬೇರೆ. ತಂತಿಯ ಡಬ್ಬಿಯ ಮೇಲೆ ‘ಎಲ್‌ಓಎಸ್’ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಅಲ್ಲಿ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲ ಎಂದು ಅರ್ಥ. ತಂತಿ ಎಲ್ಲೋ ಮಡಚಿದೆ, ಸಡಿಲಾಗಿದೆ, ಇಲ್ಲವೆ ಕಡಿದಿದೆ. ಆಗ ರೂಟರ್ ಬದಲಿಸಿ ಏನೂ ಉಪಯೋಗವಿಲ್ಲ. ಕಂಪನಿಗೆ ಫೋನ್ ಮಾಡಿರಿ. ತಂತಿ ಜಗ್ಗಬೇಡಿರಿ. ಅದರ ತುದಿಯೊಳಗೆ ಇಣುಕಬೇಡಿರಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣು ಕೆಡಿಸಬಹುದು. ಮಕ್ಕಳಿಗೂ ಹೇಳಿರಿ.

ತಂತಿಯ ಡಬ್ಬಿಯನ್ನೇ ಅಂಗಡಿಯಿಂದ ಹೊಸದಾಗಿ ತಂದಿದ್ದರೆ ಇನ್ನೊಂದು ಮಾತು. ಅದರ ಬೆನ್ನ ಮೇಲೆ ಒಂದು ನಂಬರ್ ಇರುತ್ತದೆ. ಆ ನಂಬರನ್ನು ಕಂಪನಿಯವರು ತಮ್ಮಲ್ಲಿ ದಾಖಲು ಮಾಡಬೇಕು. ಮಾಡುವ ತನಕ ನೆಟ್ ಬರುವುದಿಲ್ಲ.

ಎರಡನೆಯದು ಎರಡು ಡಬ್ಬಿಗಳ ನಡುವಿನ ವೈರ್. ರೂಟರಿನ ಹಿಂದೆ ನಾಲ್ಕೈದು ತೂತು ಒಂದೇ ಸಾಲಿನಲ್ಲಿ ಇರುತ್ತವೆ. ಸಾಮಾನ್ಯವಾಗಿ ಅದರಲ್ಲಿ ಒಂದಕ್ಕೆ ಮಾತ್ರ ಬೇರೆ ಬಣ್ಣ. ನೆಟ್ ಒಳಗೆ ಬರುವ ಬಾಗಿಲು ಅದು. ವೈರ್ ಅಲ್ಲೇ ಹಾಕಬೇಕು. ಪಕ್ಕದ ತೂತಿಗೆ ಹಾಕಿದರೆ ಫೋನಿನಲ್ಲಿ ವೈಫೈ ಹೆಸರು ಕಾಣುತ್ತದೆ, ನೆಟ್ ಬರುವುದಿಲ್ಲ.

ವೈರ್ ಸರಿ ಮಾಡಿದ ಮೇಲೆ ಎರಡೂ ಡಬ್ಬಿ ಆರಿಸಿರಿ. ಮೊದಲು ತಂತಿಯ ಡಬ್ಬಿ ಹಚ್ಚಿರಿ. ಅದರ ದೀಪ ನಿಂತ ಮೇಲೆ ರೂಟರ್ ಹಚ್ಚಿರಿ.

ಮೂರನೆಯ ಕೊಂಡಿ ಬಹಳ ಜನರಿಗೆ ಗೊತ್ತಿಲ್ಲ. ನೆಟ್‌ಗೆ ಎರಡು ಗುಟ್ಟಿನ ಮಾತು ಇವೆ. ಒಂದು ವೈಫೈ ಪಾಸ್‌ವರ್ಡ್. ಅದನ್ನು ಫೋನಿನಲ್ಲಿ ಹಾಕುತ್ತೇವೆ. ಇನ್ನೊಂದು ನಮ್ಮ ಖಾತೆಯ ಹೆಸರು ಮತ್ತು ಖಾತೆಯ ಪಾಸ್‌ವರ್ಡ್. ಇದನ್ನು ಕಂಪನಿ ಕೊಡುತ್ತದೆ, ರೂಟರಿನೊಳಗೆ ಬರೆಯಬೇಕು. ಬ್ಯಾಂಕಿಗೆ ಪಾಸ್‌ಬುಕ್ ಇದ್ದ ಹಾಗೆ. ಹಳೆಯ ರೂಟರಿಗೆ ಅದು ಗೊತ್ತಿತ್ತು. ಹೊಸದಕ್ಕೆ ಯಾರು ಹೇಳಬೇಕು? ಇದು ಎಲ್ಲ ಕಂಪನಿಗೂ ಬೇಕಾಗುವುದಿಲ್ಲ. ಬೇಕಾದ ಕಡೆ ಇದಿಲ್ಲದೆ ಏನು ಮಾಡಿದರೂ ನೆಟ್ ಬರುವುದಿಲ್ಲ. ನಮಗೆ ಅನ್ನಿಸುವುದು, ಹೊಸ ಡಬ್ಬಿ ತಂದಾಗ ಮೊದಲು ಕೇಳಬೇಕಾದ್ದು ಇದನ್ನೇ.

ರೂಟರಿನ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. “ಅದನ್ನ ಚುಚ್ಚಿಬಿಡ್ರಿ, ಸರಿ ಆಗತೈತಿ” ಅನ್ನುವವರು ಓಣಿಗೆ ಒಬ್ಬರು ಇರುತ್ತಾರೆ. ಚುಚ್ಚಿ ಹಿಡಿದರೆ ಒಳಗೆ ಬರೆದದ್ದೆಲ್ಲ ಅಳಿಸಿ ಹೋಗುತ್ತದೆ. ಖಾತೆಯ ಹೆಸರೂ ಹೋಗುತ್ತದೆ.

ಕೊನೆಯದು ಫೋನ್. ಅದು ಹಳೆಯ ವೈಫೈಯನ್ನೇ ನೆನಪಿಟ್ಟಿರುತ್ತದೆ. ಹೊಸದರ ಹೆಸರು, ಪಾಸ್‌ವರ್ಡ್ ಡಬ್ಬಿಯ ಕೆಳಗಿನ ಚೀಟಿಯಲ್ಲಿ ಇರುತ್ತವೆ. ಇಂಗ್ಲಿಷ್ ಓದಲು ಬಾರದಿದ್ದರೂ ಆಕಾರ ನೋಡಿ ಒತ್ತಬಹುದು. ದೊಡ್ಡ ಅಕ್ಷರ ಇದ್ದಲ್ಲಿ ದೊಡ್ಡದನ್ನೇ ಒತ್ತಿರಿ. ಜೋಡಿಸಲು ಬಂದವರಿಗೆ, “ಹಳೇ ಹೆಸರು, ಹಳೇ ಪಾಸ್‌ವರ್ಡೇ ಇದಕ್ಕೂ ಇಡ್ರಿ” ಅಂತ ಹೇಳಿದರೆ ಇನ್ನೂ ಸುಲಭ. ಮನೆಯ ಫೋನುಗಳು ತಾವೇ ಕೂಡಿಕೊಳ್ಳುತ್ತವೆ. ಪರೀಕ್ಷೆ ಮಾಡುವಾಗ ಫೋನಿನ ಸಿಮ್ ಡೇಟಾ ಆರಿಸಿರಿ. ಇಲ್ಲದಿದ್ದರೆ ಬಂದದ್ದು ಯಾವ ನೆಟ್ ಅಂತ ತಿಳಿಯುವುದಿಲ್ಲ.

ಒಂದು ಕೋಣೆಯಲ್ಲಿ ನೆಟ್ ಬಂದು ಇನ್ನೊಂದರಲ್ಲಿ ಬರದಿದ್ದರೆ ಗೋಡೆ ನೋಡಿರಿ. ಬಾದಾಮಿ ಕಡೆಯ ಕಲ್ಲಿನ ಮನೆಗಳಲ್ಲಿ ಗೋಡೆ ದಪ್ಪ. ವೈಫೈ ಅದನ್ನು ದಾಟಲು ಕಷ್ಟ. ರೂಟರನ್ನು ಗೂಡಿನೊಳಗೆ, ಟ್ರಂಕಿನ ಹಿಂದೆ ಇಡಬೇಡಿರಿ. ಎತ್ತರದಲ್ಲಿ, ಬಾಗಿಲಿನ ನೇರಕ್ಕೆ ಇಡಿರಿ.

ಬರೆಯಿರಿ: ಇವುಗಳನ್ನು ಒಂದು ಹಾಳೆಯ ಮೇಲೆ ಬರೆದು ಪೆಟ್ಟಿಗೆಯಲ್ಲಿ ಇಡಿರಿ. ಗೋಡೆಗೆ ಅಂಟಿಸಬೇಡಿರಿ.

ನಮ್ಮ ಖಾತೆಯ ಹೆಸರು ..........
ಖಾತೆಯ ಪಾಸ್‌ವರ್ಡ್ ..........
ವೈಫೈ ಹೆಸರು ..........
ವೈಫೈ ಪಾಸ್‌ವರ್ಡ್ ..........
ಬಿಲ್ಲಿನ ಮೇಲಿರುವ ಕಂಪನಿಯ ಫೋನ್ ನಂಬರ್ ..........