ಕೇಕಿನ ಪೊಟ್ಟಣದೊಳಗೆ ಏನಿದೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳಿಂದ ಮಕ್ಕಳಿಗೆಂದು ಕೇಕಿನ ಹಿಟ್ಟು ತರುವ ರೈತ ಬಂಧುಗಳು ಪೊಟ್ಟಣದ ಹಿಂಬದಿಯನ್ನು ಒಮ್ಮೆ ಓದಬೇಕು. ಹೆಚ್ಚು ತೂಕದ ಪದಾರ್ಥವನ್ನೇ ಮೊದಲು ಬರೆಯಬೇಕೆಂಬುದು ಕಾನೂನು. ಸಾಮಾನ್ಯವಾಗಿ ಮೊದಲು ಕಾಣುವುವು ಸಕ್ಕರೆ ಮತ್ತು ಮೈದಾ. ಸಕ್ಕರೆಯಲ್ಲಿ ಮೈ ಬೆಳೆಸುವ ಸಸಾರಜನಕ ಇಲ್ಲವೇ ಇಲ್ಲ. ಮೈದಾ ಮಾಡುವಾಗ ಗೋಧಿಯ ತೌಡು, ಮೊಳಕೆಯ ಭಾಗ ಎರಡೂ ಹೋಗುತ್ತವೆ. 100 ಗ್ರಾಂ ಮೈದಾದಲ್ಲಿ ಸುಣ್ಣದ ಅಂಶ ಸುಮಾರು 20 ಮಿಲಿಗ್ರಾಂ. ರಾಗಿಯಲ್ಲಾದರೋ 350ರ ಆಸುಪಾಸು.

ಕೇಕಿಗೆ ಸತ್ವ ಬರುವುದು ಹೆಚ್ಚಾಗಿ ನಾವೇ ಬೆರೆಸುವ ಮೊಟ್ಟೆ, ಹಾಲುಗಳಿಂದ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. ಮನೆಯ ಮೊಟ್ಟೆ ಮಾರಿ, ಆ ಹಣದಲ್ಲಿ ಮೊಟ್ಟೆಯಿಲ್ಲದ ಕೇಕಿನ ಪೊಟ್ಟಣ ಕೊಂಡವರನ್ನು ಕಂಡಿದ್ದೇನೆ! ಹುಟ್ಟುಹಬ್ಬಕ್ಕೆ ಕೇಕು ಬೇಡವೆನ್ನುವುದಿಲ್ಲ. ಶಾಲೆಗೆ ಹೊರಟ ಮಗುವಿಗೆ ಮಾತ್ರ ಬೇಯಿಸಿದ ಮೊಟ್ಟೆ ಕೊಡಿ. ಮೊಟ್ಟೆ ತಿನ್ನದ ಮನೆಯವರು ಬೇಯಿಸಿದ ಹೆಸರುಕಾಳು ಕೊಡಬಹುದು.