ಎರಡನೇ ಸಂಬಳ ಉಳಿಯುವ ಊರು

ಬೆಂಗಳೂರು ಬಿಡುವ ಯೋಚನೆಯಲ್ಲಿರುವ, ಮನೆಯಲ್ಲಿ ಸಣ್ಣ ಮಕ್ಕಳಿರುವ ದಂಪತಿಗಳು ಕೇಳಿದಾಗೆಲ್ಲ ನಾನು ಹೇಳುವುದು ಒಂದೇ: ಬಾಡಿಗೆ ಎಲ್ಲಿ ಕಡಿಮೆ ಎಂದು ಹುಡುಕಬೇಡಿ, ಮನೆಯ ಎರಡನೇ ಸಂಬಳ ಎಲ್ಲಿ ಉಳಿಯುತ್ತದೆ ಎಂದು ಹುಡುಕಿ. ಶಿರಸಿಯಲ್ಲಿ ಅಪ್ಪ ಕಟ್ಟಿಸಿದ ಮನೆ ಇದ್ದೂ ನಾವು ಧಾರವಾಡದಲ್ಲಿ ಬಾಡಿಗೆಗಿದ್ದೇವೆ. ನೆಂಟರಿಷ್ಟರಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. ಲೆಕ್ಕವನ್ನೇ ಬಿಡಿಸಿ ಇಡುತ್ತೇನೆ.

ನನ್ನದು ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸ. ಮನೆಯಿಂದಲೇ ಮಾಡಲು ಅನುಮತಿ ಇದೆ, ತಿಂಗಳಿಗೊಮ್ಮೆ ಆಫೀಸಿಗೆ ಹೋಗಿಬರಬೇಕು. ಹೆಂಡತಿ ಫಿಸಿಯೋಥೆರಪಿಸ್ಟ್. ಹೊರಡುವಾಗ ಮಗಳಿಗೆ ಐದು ವರ್ಷ, ಮಗನಿಗೆ ಎರಡು. ಬೆಂಗಳೂರಿನ ವಿಜಯನಗರದ ಎರಡು ಬೆಡ್‌ರೂಮಿನ ಮನೆಗೆ ಬಾಡಿಗೆ 32 ಸಾವಿರ, ಡೇಕೇರ್‌ಗೆ 14 ಸಾವಿರ. ಹೆಂಡತಿಯ ಸಂಬಳ 42 ಸಾವಿರ. ಅವಳ ದುಡಿಮೆಯೆಲ್ಲ ಈ ಎರಡು ಬಾಬ್ತಿಗೇ ಹೋಗಿ, ಮೇಲೆ 4 ಸಾವಿರವನ್ನು ನನ್ನ ಸಂಬಳದಿಂದ ತುಂಬಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ವಾಪಸಾಗುವವಳ ಪಾಲಿಗೆ ಈ ಲೆಕ್ಕ ಎಷ್ಟು ಸಂಕಟದ್ದು ಎಂಬುದನ್ನು ನಾನು ದಿನಾ ನೋಡುತ್ತಿದ್ದೆ.

ಎದುರಿಗಿದ್ದದ್ದು ಮೂರು ಊರು. ಮೈಸೂರನ್ನು ಎಲ್ಲರೂ ಹೇಳಿದರು. 2023ರ ಮಾರ್ಚಿನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಅದು ಬೆಂಗಳೂರಿನ ಪಕ್ಕದ ಬಡಾವಣೆ ಎನ್ನುವಷ್ಟು ಹತ್ತಿರ. ವಾರಕ್ಕೆ ಎರಡು ದಿನ ಆಫೀಸಿಗೆ ಹೋಗಲೇಬೇಕಾದವರಿಗೆ ಮೈಸೂರಿಗಿಂತ ಒಳ್ಳೆಯ ಊರು ಇಲ್ಲ. ಆದರೆ ಆ ಹತ್ತಿರಕ್ಕೆ ಬಾಡಿಗೆಯಲ್ಲಿ ಬೆಲೆ ತೆರಬೇಕು; ತಿಂಗಳಿಗೊಮ್ಮೆ ಹೋಗುವ ನನಗೆ ಆ ಖರ್ಚು ಬೇಕಿರಲಿಲ್ಲ.

ಉಳಿದದ್ದು ಶಿರಸಿ ಮತ್ತು ಧಾರವಾಡ. "ಮನೆ ಇದ್ದು, ಬಾಡಿಗೆ ಎಂತಕ್ಕೆ ಕೊಡವು?" ಎಂದಳು ಆಯಿ. ಸರಿಯಾದ ಪ್ರಶ್ನೆಯೇ. ಶಿರಸಿಯಲ್ಲಿ ಬಾಡಿಗೆ ಇಲ್ಲ, ಮಕ್ಕಳನ್ನು ನೋಡಿಕೊಳ್ಳಲು ಅಜ್ಜ ಅಜ್ಜಿ ಇದ್ದಾರೆ, ಡೇಕೇರ್ ಬೇಡ. ಹೆಂಡತಿಗೆ ಒಂದು ಕ್ಲಿನಿಕ್ಕಿನಲ್ಲಿ ದಿನಕ್ಕೆರಡು ಗಂಟೆ ಕೆಲಸ ಸಿಗುವುದಿತ್ತು, ತಿಂಗಳಿಗೆ 10 ಸಾವಿರ. ಧಾರವಾಡದಲ್ಲಿ ಆಸ್ಪತ್ರೆಯೊಂದರಲ್ಲಿ ಪೂರ್ತಿ ಕೆಲಸ, 30 ಸಾವಿರ. ಅದರಲ್ಲಿ ಬಾಡಿಗೆಗೆ 15 ಸಾವಿರ, ಮಗನನ್ನು ನೋಡಿಕೊಳ್ಳುವವರಿಗೆ 5 ಸಾವಿರ ಕಳೆದರೆ ಉಳಿಯುವುದು 10 ಸಾವಿರ. ಎರಡೂ ಊರಿನಲ್ಲಿ ಕೈಗೆ ಬರುವುದು ಸರಿಸಮ.

ಬಹಳ ಮಂದಿ ಇಲ್ಲಿಗೇ ಲೆಕ್ಕ ನಿಲ್ಲಿಸಿ, ಸಮ ಇದ್ದಮೇಲೆ ಸ್ವಂತ ಊರೇ ಆಗಲಿ ಎಂದು ಹೊರಟುಬಿಡುತ್ತಾರೆ. ನಾನು ಇನ್ನೊಂದು ಸಾಲು ಬರೆದುಕೊಂಡೆ: ನನ್ನ ಕೆಲಸ ಹೋದರೆ? ಮನೆಯಿಂದ ಕೆಲಸ ಮಾಡಲು ಕೊಟ್ಟ ಅನುಮತಿ ಒಂದು ಇ-ಮೇಲ್ ಬಂದರೆ ರದ್ದಾಗುವಂಥದ್ದು. ಎಷ್ಟೋ ಕಂಪನಿಗಳು ಕೊಟ್ಟ ಅನುಮತಿಯನ್ನು ಕೋವಿಡ್ ಮುಗಿದ ಮೇಲೆ ವಾಪಸ್ ಪಡೆದಿವೆ. ಹಾಗಾದ ದಿನ ಶಿರಸಿಯಲ್ಲಿ ಮನೆಗೆ ಬರುವ ವರಮಾನ 10 ಸಾವಿರ, ಧಾರವಾಡದಲ್ಲಿ 30. ಬಾಡಿಗೆ ಕೊಟ್ಟೂ ಅಕ್ಕಿ ಬೇಳೆಗೆ ಕೈಚಾಚಬೇಕಿಲ್ಲ. ಇಷ್ಟೇ ಅಲ್ಲ, ಪೂರ್ತಿ ಕೆಲಸದಲ್ಲಿ ಪಿಎಫ್ ಕೂಡುತ್ತದೆ, ಅನುಭವದ ವರ್ಷಗಳು ಕೂಡುತ್ತವೆ. ಐದು ವರ್ಷ ದಿನಕ್ಕೆರಡು ಗಂಟೆ ದುಡಿದವಳು ಮತ್ತೆ ದೊಡ್ಡ ಆಸ್ಪತ್ರೆಯ ಬಾಗಿಲು ತಟ್ಟಿದರೆ ಅವಳ ಹಳೆಯ ಸಂಬಳ ಸಿಗುವುದಿಲ್ಲ. ಊರು ಬದಲಿಸಿದ ಎಷ್ಟೋ ಮನೆಗಳಲ್ಲಿ ಹೆಂಗಸರ ಕೆಲಸ ಹೋಗಿರುವುದನ್ನು ಕಂಡಿದ್ದೇನೆ. "ಸದ್ಯಕ್ಕೆ ಮಕ್ಕಳನ್ನು ನೋಡಿಕೊಂಡಿರಲಿ" ಎಂದು ಶುರುವಾದದ್ದು ಅಲ್ಲೇ ನಿಂತುಬಿಡುತ್ತದೆ. ಇದನ್ನು ಉಳಿತಾಯ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಧಾರವಾಡಕ್ಕೆ ಇನ್ನೊಂದು ಬಲ ಹುಬ್ಬಳ್ಳಿ. ಎರಡು ಊರಿನ ನಡುವೆ ಬಿಆರ್‌ಟಿಎಸ್‌ನ 'ಚಿಗರಿ' ಬಸ್ಸುಗಳು ತಮ್ಮದೇ ದಾರಿಯಲ್ಲಿ ಓಡುತ್ತವೆ, ಇಪ್ಪತ್ತೆರಡು ಕಿಲೋಮೀಟರಿನ ಅಂತರ. ಒಂದು ಆಸ್ಪತ್ರೆಯ ಕೆಲಸ ಹಿಡಿಸದಿದ್ದರೆ ಮನೆ ಬದಲಿಸದೆ ಇನ್ನೊಂದು ಊರಿನಲ್ಲಿ ಕೆಲಸ ಹುಡುಕಬಹುದು. ಒಂದು ಊರಿನ ಬಾಡಿಗೆಗೆ ಎರಡು ಊರಿನ ಉದ್ಯೋಗ. ಮಣಿಪಾಲ-ಉಡುಪಿಯಲ್ಲೂ ಇಂಥದೇ ಅನುಕೂಲ ಇದೆ. ಊರು ಆರಿಸುವವರು ಪಕ್ಕದ ಊರನ್ನೂ ಸೇರಿಸಿ ನೋಡಬೇಕು.

ಆಸ್ಪತ್ರೆಯ ವಿಷಯಕ್ಕೆ ಬರೋಣ. ಮಗನಿಗೆ ಥಂಡಿ ಹತ್ತಿದರೆ ಎದೆ ಗೊರಗೊರ ಎನ್ನುತ್ತದೆ, ನೆಬುಲೈಸರ್ ಇಲ್ಲದೆ ರಾತ್ರಿ ಕಳೆಯುವುದಿಲ್ಲ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎಷ್ಟು ವರ್ಷದ್ದು ಎಂದು ಆ ಜಿಲ್ಲೆಯವರಿಗೆಲ್ಲ ಗೊತ್ತು. ಕಾಯಿಲೆ ಜೋರಾದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲವೇ ಗೋವಾ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರಿನ ಆಸುಪಾಸು. ಮಳೆಗಾಲದ ನಡುರಾತ್ರಿ ಎರಡು ವರ್ಷದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆ ದಾರಿ ಹಿಡಿಯುವ ಧೈರ್ಯ ನನಗಿರಲಿಲ್ಲ. ನನ್ನ ಊರಿನ ಮೇಲೆ ಪ್ರೀತಿಯಿದೆ. ಅಲ್ಲಿನ ಮಕ್ಕಳಿಗೆ ಇಷ್ಟು ದೂರ ಹೋಗಬೇಕಾದ ಸ್ಥಿತಿ ಇರಬಾರದಿತ್ತು.

ಊರು ಗೊತ್ತಾದ ಮೇಲೆ ಬಡಾವಣೆಯ ಪ್ರಶ್ನೆ. ಧಾರವಾಡದಲ್ಲಿ ಇದು ಪೂರ್ತಿ ನೀರಿನ ಪ್ರಶ್ನೆ. ಅವಳಿನಗರಕ್ಕೆ ನೀರು ಬರುವುದು ಮಲಪ್ರಭೆಯಿಂದ, ಸವದತ್ತಿ ಬಳಿಯ ಜಲಾಶಯದಿಂದ. 2008ರ ಹೊತ್ತಿಗೇ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ಗಂಟೆ ನೀರು ಕೊಡುವ ಯೋಜನೆ ಜಾರಿಗೆ ಬಂತು; ದೇಶದ ಬೇರೆ ಬೇರೆ ಕಡೆಯವರು ನೋಡಲು ಬಂದರು. ಆದರೆ ಉಳಿದ ವಾರ್ಡುಗಳಲ್ಲಿ ಜನ ವಾರಗಟ್ಟಲೆ ನೀರಿನ ಸರತಿಗೆ ಕಾಯುವುದು ತಪ್ಪಲಿಲ್ಲ. ಎರಡು ಬೀದಿ ಆಚೆ ಈಚೆ ಆದರೆ ಬದುಕೇ ಬೇರೆ.

ನಾವು ನೋಡಿದ ಒಂದು ಮನೆಯ ಬಾಡಿಗೆ 12,500. ಗಾಳಿ ಬೆಳಕು ಚೆನ್ನಾಗಿತ್ತು, ಹಿತ್ತಲಲ್ಲಿ ಪೇರಲ ಗಿಡ. ನಾನು ಬಾಡಿಗೆ ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ ಮನೆಯೊಡತಿ ತಡೆದರು: "ಬಾಡಿಗಿ ಮಾತು ಆಮ್ಯಾಲೆ ಆಡೂಣ್ರಿ, ಮೊದಲ ಇಲ್ಲಿ ಬಂದು ನೋಡ್ರಿ." ಅಂಗಳದ ಸಂಪಿನ ಕಬ್ಬಿಣದ ಮುಚ್ಚಳ ಎತ್ತಿ ತೋರಿಸಿದರು, ನೀರು ಮೊಣಕಾಲುದ್ದ ಇತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀರು ಬಂದ ದಿನಗಳಿಗೆ ನೀಲಿ ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ವಾರದ ಮೇಲಾಗಿತ್ತು. "ನಿಮ್ಮವು ಸಣ್ಣ ಮಕ್ಕಳು, ದಿನಾ ಬಟ್ಟಿ ಒಗೀಬೇಕು. ಟ್ಯಾಂಕರ್ ಹಾಕಿಸೂದು ಆಗ್ತದ್ರಿ" ಎಂದರು. ಮನೆ ಖಾಲಿ ಉಳಿದರೂ ಚಿಂತೆಯಿಲ್ಲ ಎಂದು ನಿಜ ಹೇಳಿದ ಆ ತಾಯಿಗೆ ನಾವು ಋಣಿಗಳು. ಮುಂದಿನ ಬಡಾವಣೆಯಲ್ಲಿ ಸದಾ ನೀರಿರುವ ಮನೆ 15 ಸಾವಿರಕ್ಕೆ ಸಿಕ್ಕಿತು. ಎರಡೂವರೆ ಸಾವಿರದ ಆ ವ್ಯತ್ಯಾಸ ಟ್ಯಾಂಕರಿಗೇ ಹೋಗುತ್ತಿತ್ತು. ಕಾಯುವ ಪಾಡು ಬೇರೆ.

ಸಪ್ತಾಪುರದ ಕಡೆ ನಾವು ಹೆಚ್ಚು ಹುಡುಕಲಿಲ್ಲ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗರು ಬಹಳ, ಮಾಲೀಕರಿಗೂ ತಲೆಗಿಷ್ಟು ಎಂದು ರೂಮು ಕೊಡುವುದೇ ಲಾಭ.

ಮಗಳು ಒಂದನೇ ತರಗತಿಗೆ ಸೇರುವ ಮೊದಲೇ ಬಂದದ್ದರಿಂದ ಶಾಲೆಯ ಪ್ರವೇಶ ಶುಲ್ಕ ಎರಡು ಸಲ ಕಟ್ಟುವುದು ತಪ್ಪಿತು. ಬೆಂಗಳೂರಿನ ಮನೆಯಲ್ಲಿ ಕೂತಿದ್ದ 3 ಲಕ್ಷ ಅಡ್ವಾನ್ಸ್ ಕೈಗೆ ಬಂತು. ಇಲ್ಲಿ ಕೊಟ್ಟದ್ದು 50 ಸಾವಿರ. ಸಾಮಾನು ಸಾಗಿಸಿದ ಖರ್ಚು ಕಳೆದು ಉಳಿದ 2 ಲಕ್ಷ ಚಿಲ್ಲರೆಯನ್ನು ಎಫ್‌ಡಿ ಮಾಡಿಸಿ ಆಪತ್ತಿಗೆಂದು ಇಟ್ಟಿದ್ದೇವೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಇಲ್ಲದ ಕಾರಣ ಬಾಡಿಗೆಯಲ್ಲಿ ಉಳಿದದ್ದೆಲ್ಲ ನಿಮ್ಮದೇ; ಹಳೆಯ ಪದ್ಧತಿಯವರಿಗೆ ಬಾಡಿಗೆ ಇಳಿದರೆ ವಿನಾಯಿತಿಯೂ ಇಳಿಯಬಹುದು, ತೆರಿಗೆಯನ್ನು ಮತ್ತೆ ಲೆಕ್ಕ ಹಾಕಿಕೊಳ್ಳಿ. ಆರೋಗ್ಯ ವಿಮೆಯನ್ನೂ ತೆರೆದು ಓದಿ. ಕೆಲವು ಪಾಲಿಸಿಗಳಲ್ಲಿ ಸಣ್ಣ ಊರಿಗೆ ಕಂತು ಕಡಿಮೆ, ಆದರೆ ಮಹಾನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನೀವೇ ಕಟ್ಟಬೇಕು. ಗೃಹಜ್ಯೋತಿಗೆ ಬೆಸ್ಕಾಂನ ಹಳೆಯ ಮೀಟರಿನಿಂದ ಆಧಾರ್ ಬಿಡಿಸದಿದ್ದರೆ ಹೆಸ್ಕಾಂನ ಹೊಸ ಮೀಟರಿಗೆ ಜೋಡಿಸಲಾಗದು.

ಬಂದ ಹೊಸದರಲ್ಲಿ ಎಲ್ಲರದೂ ಒಂದೇ ಒತ್ತಾಯ: ಎನ್.ಎ. (ಕೃಷಿಯೇತರ) ಪ್ಲಾಟ್ ಹಿಡಿಯಿರಿ, ರೇಟು ಏರುತ್ತಿದೆ. ನಾವು ಕದಲಿಲ್ಲ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು ಸರ್ಚಾರ್ಜು, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ 1%ರಿಂದ 2%ಕ್ಕೆ ಏರಿದೆ. 40 ಲಕ್ಷದ ಪ್ಲಾಟಿಗೆ ಸುಮಾರು 3 ಲಕ್ಷ ಕಾಗದಪತ್ರಕ್ಕೇ ಹೋಗುತ್ತದೆ. ಊರು ಹಿಡಿಸಲಿಲ್ಲ, ಆಫೀಸು ವಾಪಸ್ ಕರೆಯಿತು ಎಂದು ಮಾರುವಾಗ ಆ 3 ಲಕ್ಷವನ್ನು ಯಾರೂ ಹಿಂದಿರುಗಿಸುವುದಿಲ್ಲ. ಒಂದು ಬೇಸಿಗೆ, ಒಂದು ಮಳೆಗಾಲವಾದರೂ ಬಾಡಿಗೆ ಮನೆಯಲ್ಲಿದ್ದು ನೋಡದೆ ಯಾವ ಊರಿನಲ್ಲೂ ಜಾಗ ಕೊಳ್ಳಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಊರ ಹೊರಗಿನ ಲೇಔಟ್ ಆದರೆ ಇ-ಸ್ವತ್ತು, ಫಾರ್ಮ್ 9, 11, ಹಳೆಯ ಇ.ಸಿ. (ಋಣಭಾರ ಪತ್ರ) ಇವನ್ನು ಏಜೆಂಟರ ಕೈಯಿಂದ ಪಡೆಯದೆ ನಿಮ್ಮ ವಕೀಲರ ಮೂಲಕವೇ ತೆಗೆಸಿ.

ಹೆಂಡತಿಗೆ ಈಗ ಪ್ರೊಬೇಷನ್ ಅವಧಿ. ಕಾಯಂ ಆದ ಪತ್ರ ಕೈಗೆ ಬಂದ ಮೇಲಷ್ಟೇ ಪ್ಲಾಟ್ ನೋಡಲು ಹೊರಡುವುದು, ಅದೂ ಸಾಲದ ಕಂತು ಅವಳೊಬ್ಬಳ ಸಂಬಳದಲ್ಲೂ ಕಟ್ಟಲು ಬರುವಂತಿದ್ದರೆ ಮಾತ್ರ ಎಂದು ಇಬ್ಬರೂ ಕೂತು ತೀರ್ಮಾನಿಸಿದ್ದೇವೆ. ಮನೆಯ ಖರ್ಚೆಲ್ಲ ಕಳೆದು ಅವಳ ಸಂಬಳದಲ್ಲಿ ಕಂತಿಗೆ 8 ಸಾವಿರಕ್ಕಿಂತ ಹೆಚ್ಚು ಎತ್ತಲಾಗದು. ಆ ಕಂತಿಗೆ ಸಿಗುವ ಸಾಲ 9 ಲಕ್ಷದ ಆಸುಪಾಸು. ಉಳಿದದ್ದನ್ನು ಕೂಡಿಸಲು ಇನ್ನೂ ಕೆಲವು ವರ್ಷ ಬೇಕು, ಅಲ್ಲಿಯವರೆಗೆ ಬಾಡಿಗೆ ಮನೆಯೇ.